ನೂಲು ಆಕೆಯದು, ಹೆಸರು ಯಾರದು?

ನಂಜನಗೂಡು ತಾಲ್ಲೂಕಿನ ತಗಡೂರು ಎಂದರೆ ಹಳಬರಿಗೆ ಇಂದಿಗೂ ಖಾದಿಯೇ ನೆನಪು. 1920ರ ದಶಕದಲ್ಲಿ ತಗಡೂರು ರಾಮಚಂದ್ರರಾಯರು ಈ ಸೀಮೆಯಲ್ಲಿ ಖಾದಿ ಕೆಲಸಕ್ಕೆ ನಿಂತರು. ಇದೇ ತಾಲ್ಲೂಕಿನ ಬದನವಾಳಿನಲ್ಲಿ ಖಾದಿ ಕೇಂದ್ರ ಎದ್ದಿತು. ರಾಯರ ಹೆಸರು ಉಳಿಯಿತು, ಉಳಿಯಲೇಬೇಕು. ಆದರೆ ಕೂಸನ್ನು ತೊಟ್ಟಿಲಿಗೆ ಹಾಕಿ ರಾಟೆ ತಿರುಗಿಸಿದ ಹೆಂಗಸರ ಹೆಸರು ಎಲ್ಲಿದೆ ಸ್ವಾಮಿ?

ಈಗಲೂ ಕತೆ ಅದೇ. ಸೀರೆಗೆ ಕುಚ್ಚು ಕಟ್ಟುವವಳು, ರವಿಕೆಗೆ ಕಸೂತಿ ಹಾಕುವವಳು, ನಾಮಕರಣಕ್ಕೆ ಫೋಟೋ ತೆಗೆಯುವವಳು ನಮ್ಮ ಊರುಗಳಲ್ಲೇ ಇದ್ದಾರೆ. ಗಂಡಸು ಮಾಡಿದರೆ ಅದು ಕಸುಬು. ಮಕ್ಕಳ ತಾಯಿ ಮಾಡಿದರೆ 'ಏನೋ ಬಿಡುವಿನಲ್ಲಿ ಮಾಡ್ತಾಳೆ' ಅಂತಾರೆ. ಕೈಗೂಸಿನ ತಾಯಿಗೆ ಬಿಡುವು ಎಲ್ಲಿಂದ ಬಂತು?

ಹೋಮಾಯ್ ವ್ಯಾರವಾಲಾ ಈ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ. ಒಬ್ಬ ಮಗನ ತಾಯಿ. 1947ರ ಸ್ವಾತಂತ್ರ್ಯದ ಸಂಭ್ರಮವನ್ನು ಕ್ಯಾಮೆರಾದಲ್ಲಿ ಹಿಡಿದಿಟ್ಟವರು. ಇಂಥವರ ಮೊದಮೊದಲ ಚಿತ್ರಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ! ಪದ್ಮವಿಭೂಷಣ ಬಂದದ್ದು 2011ರಲ್ಲಿ, ತೊಂಬತ್ತೇಳು ದಾಟಿದ ಮೇಲೆ. ದೊಡ್ಡವರ ಪಾಡೇ ಹೀಗಾದರೆ ಹಳ್ಳಿಯ ಹೆಣ್ಣುಮಗಳ ಪಾಡೇನು?

ಕಾನೂನು ಇಲ್ಲವೇ? ಇದೆ. 50 ಮಂದಿ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕೆಂದು 2017ರಲ್ಲಿ ತಿದ್ದುಪಡಿ ಬಂತು. ಮನೆಯ ಪಡಸಾಲೆಯಲ್ಲಿ ಒಬ್ಬಳೇ ಕೂತು ಹೊಲಿಯುವವಳಿಗೆ ಅದರಿಂದೇನು? 2023ರಲ್ಲಿ ರಾಜ್ಯ ಸರ್ಕಾರ ಪಂಚಾಯ್ತಿಗಳಿಗೆ 'ಕೂಸಿನ ಮನೆ' ಯೋಜನೆ ತಂದಿತು. ಒಳ್ಳೆಯದೇ. ಆದರೆ ಹೊರಟಿದ್ದು ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ. ಸೂಜಿ ಹಿಡಿದವಳ ಕೂಸು ಕೂಸಲ್ಲವೇ? ಅದಕ್ಕೂ ಅಲ್ಲಿ ಜಾಗ ಸಿಗಲಿ.

ಎಲ್ಲವನ್ನೂ ಸರ್ಕಾರದ ತಲೆಗೇ ಕಟ್ಟುವುದೂ ಸರಿಯಲ್ಲ. ಅಂಗಡಿ ಯಜಮಾನರೇ, ಆಕೆ ಹಾಕಿದ ಕಸೂತಿಯನ್ನು ಮಾರುವಾಗ ಆಕೆಯ ಹೆಸರಿನ ಒಂದು ಚೀಟಿ ಹಚ್ಚಿ. ಗಿರಾಕಿ ಮುಂದಿನ ಸಲ ಹೆಸರು ಹೇಳಿ ಕೇಳುತ್ತಾನೆ, ನಿಮಗೂ ಲಾಭವೇ. ಬಾಕಿ ಹಣಕ್ಕೆ 'ನಾಳೆ ಬಾಮ್ಮ' ಅನ್ನಬೇಡಿ. ಕಂಕುಳಲ್ಲಿ ಮಗು, ಕೈಯಲ್ಲಿ ಗಂಟು ಹೊತ್ತು ಬಸ್ಸಿನಲ್ಲಿ ನಿಂತು ಬಂದವಳು ಆಕೆ. ಮನೆಯ ಗಂಡಸರೇ, ದಿನಕ್ಕೆ ಎರಡು ಗಂಟೆ ಮಗುವನ್ನು ಎತ್ತಿಕೊಂಡರೆ ನಿಮ್ಮ ಮೀಸೆಯೇನೂ ಮಣ್ಣಾಗುವುದಿಲ್ಲ.

ತಾಯ್ತನವನ್ನು ವೇದಿಕೆ ಮೇಲೆ ಹೊಗಳಿದ್ದು ಸಾಕು. ಆಕೆಗೆ ಬೇಕಾದದ್ದು ಎರಡು ಗಂಟೆ ಹೊತ್ತು, ಸರಿಯಾದ ಕಾಸು, ತನ್ನದೇ ಹೆಸರು. ಪಂಚಾಯ್ತಿಯವರು ಇತ್ತ ಗಮನ ಹರಿಸುವರೇ?