ಅರವತ್ತು ಲಕ್ಷ ಮತ, ಸೊನ್ನೆ ಲೆಕ್ಕ

1960ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ರಿಚರ್ಡ್ ನಿಕ್ಸನ್ ಐವತ್ತೂ ರಾಜ್ಯಗಳಿಗೆ ಬರುತ್ತೇನೆಂದು ಮಾತು ಕೊಟ್ಟಿದ್ದರು. ಮತದಾನಕ್ಕೆ ಎರಡೇ ದಿನ ಉಳಿದಿದ್ದಾಗ, ಆ ಮಾತು ಉಳಿಸಿಕೊಳ್ಳಲು ಅಧ್ಯಕ್ಷರನ್ನು ವಿಧ್ಯುಕ್ತವಾಗಿ ಆರಿಸುವ ಪ್ರತಿನಿಧಿಗಳು, ಅಂದರೆ ಎಲೆಕ್ಟರ್‌ಗಳು, ಮೂರೇ ಇದ್ದ ಅಲಾಸ್ಕಾಕ್ಕೆ ಹೋದರು. ಅಲಾಸ್ಕಾ ಗೆದ್ದರು, ಚುನಾವಣೆ ಸೋತರು. ಇಂದು ಯಾವ ಪ್ರಚಾರ ತಂಡವೂ ಅಂಥ ಪ್ರವಾಸಕ್ಕೆ ಒಪ್ಪಲಾರದು. 538 ಎಲೆಕ್ಟರ್‌ಗಳಲ್ಲಿ 270 ಸಿಕ್ಕರೆ ಗೆಲುವು. ಮೇನ್, ನೆಬ್ರಾಸ್ಕಾ ಬಿಟ್ಟರೆ ಉಳಿದೆಲ್ಲ ಕಡೆ ಒಂದೇ ಒಂದು ಮತ ಮುಂದಿದ್ದವರಿಗೂ ಆ ರಾಜ್ಯದ ಎಲೆಕ್ಟರ್‌ಗಳೆಲ್ಲ ಸೇರುತ್ತಾರೆ. ಆದ್ದರಿಂದಲೇ 2024ರಲ್ಲಿ ಪೆನ್ಸಿಲ್ವೇನಿಯಾ, ಮಿಷಿಗನ್, ಜಾರ್ಜಿಯಾದಂಥ, ಯಾರತ್ತಲೂ ವಾಲಬಹುದಾದ ಏಳು ರಾಜ್ಯಗಳಲ್ಲೇ ಪ್ರಚಾರ ಬೀಡುಬಿಟ್ಟಿತ್ತು.

ದೇಶದ ಒಟ್ಟು ಜನಮತವೇ ಅಧ್ಯಕ್ಷರನ್ನು ಆರಿಸುವಂತಾದರೆ? 2020ರ ಕ್ಯಾಲಿಫೋರ್ನಿಯಾ ನೋಡಿ. ಅಲ್ಲಿ ಸೋತ ಡೊನಾಲ್ಡ್ ಟ್ರಂಪ್‌ಗೆ 60 ಲಕ್ಷ ಮತ ಬಿದ್ದಿದ್ದವು. ಅವರು ಗೆದ್ದ ಟೆಕ್ಸಾಸ್‌ನಲ್ಲೂ ಅಷ್ಟು ಮತ ಸಿಕ್ಕಿರಲಿಲ್ಲ. ಆದರೂ ಆ 60 ಲಕ್ಷದಿಂದ ಒಬ್ಬ ಎಲೆಕ್ಟರೂ ಬರಲಿಲ್ಲ. ಟೆಕ್ಸಾಸ್‌ನಲ್ಲಿ ಜೋ ಬೈಡನ್ ಪಡೆದ 52 ಲಕ್ಷಕ್ಕೂ ಅದೇ ಗತಿ. ಜನಮತದ ಲೆಕ್ಕದಲ್ಲಿ ಇವುಗಳಲ್ಲಿ ಒಂದೂ ವ್ಯರ್ಥವಾಗದು. ಆಗ ‘ಯಾವ ರಾಜ್ಯ ವಾಲೀತು’ ಎಂಬ ಪ್ರಶ್ನೆ ಹಿಂದೆ ಸರಿದು, ‘ನಮ್ಮವರಲ್ಲಿ ಮನೆಯಲ್ಲೇ ಉಳಿದವರೆಷ್ಟು’ ಎಂಬುದು ಮುಂದೆ ಬರುತ್ತದೆ. ಸೋಲುವ ರಾಜ್ಯದಲ್ಲಿ ಅಂತರ ತಗ್ಗಿಸುವುದಕ್ಕೂ, ಗೆಲ್ಲುವ ರಾಜ್ಯದಲ್ಲಿ ಹಿಗ್ಗಿಸುವುದಕ್ಕೂ ಬೆಲೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಪೌರತ್ವ ಪಡೆದ ಕನ್ನಡಿಗರ ಮನೆಬಾಗಿಲನ್ನೂ ಎರಡೂ ಪಕ್ಷಗಳ ಕಾರ್ಯಕರ್ತರು ತಟ್ಟಬೇಕಾಗುತ್ತದೆ.

ಹಾಗಾದರೆ ಅಭ್ಯರ್ಥಿಗಳು ಮಹಾನಗರ ಬಿಟ್ಟು ಕದಲುವುದಿಲ್ಲ ಎಂಬ ಆಕ್ಷೇಪ ಹಳೆಯದು. ನಾನದನ್ನು ಒಪ್ಪಲಾರೆ. ನೂರು ದೊಡ್ಡ ನಗರಗಳನ್ನು ಕೂಡಿಸಿದರೂ ದೇಶದ ಜನಸಂಖ್ಯೆಯ ಸುಮಾರು ಐದರಲ್ಲೊಂದು ಪಾಲಷ್ಟೇ. ಪೆನ್ಸಿಲ್ವೇನಿಯಾದ ಒಳಗೆ ಈಗಲೂ ಪ್ರತಿ ಮತಕ್ಕೂ ಸಮಾನ ತೂಕ. ಅಲ್ಲಿ ಫಿಲಡೆಲ್ಫಿಯಾ ಒಂದನ್ನೇ ನೆಚ್ಚಿ ಯಾರೂ ಕೂರುವುದಿಲ್ಲ. 2024ರಲ್ಲಿ ಟ್ರಂಪ್, ಕಮಲಾ ಹ್ಯಾರಿಸ್ ಇಬ್ಬರೂ ಲಕ್ಷ ಜನವೂ ಇಲ್ಲದ ಈರಿ ಪಟ್ಟಣಕ್ಕೆ ಹೋಗಿ ಸಭೆ ನಡೆಸಿದರು.

ನನ್ನನ್ನು ಕಾಡುವುದು ಮರುಎಣಿಕೆ. 2000ರಲ್ಲಿ 537 ಮತಗಳ ಅಂತರಕ್ಕಾಗಿ ಫ್ಲೋರಿಡಾ ಒಂದೇ ರಾಜ್ಯ ತಿಂಗಳಿಗೂ ಹೆಚ್ಚು ಕಾಲ ಕುದಿಯಿತು. ಅಂಥ ವ್ಯಾಜ್ಯ ದೇಶದ ಮೂಲೆಮೂಲೆಗೂ ಹಬ್ಬಿದರೆ ಎಂಬ ಭಯಕ್ಕೆ ಈ ಬದಲಾವಣೆ ಬಯಸುವವರು ಮೊದಲೇ ಉತ್ತರ ಹುಡುಕಿರಬೇಕು.

2016ರಲ್ಲಿ ಸೋತ ಹಿಲರಿ ಕ್ಲಿಂಟನ್‌ಗೆ ಗೆದ್ದ ಟ್ರಂಪ್‌ಗಿಂತ 28 ಲಕ್ಷಕ್ಕೂ ಹೆಚ್ಚು ಮತ ಜಾಸ್ತಿ ಬಂದಿತ್ತು. ಹೊಸ ಪದ್ಧತಿಯಿದ್ದರೆ ಅವರೇ ಗೆಲ್ಲುತ್ತಿದ್ದರು ಎನ್ನುವವರಿದ್ದಾರೆ. ಜನಮತದ ಲೆಕ್ಕವಿದ್ದಿದ್ದರೆ ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳಲ್ಲಿ ಪ್ರಚಾರ ಮಾಡುತ್ತಿದ್ದೆ ಎಂದು ಟ್ರಂಪ್ ಆಗಲೇ ಹೇಳಿದ್ದರು. ಈ ಮಾತಿನಲ್ಲಿ ಅವರದು ನ್ಯಾಯವಾದ ವಾದ. ಯಾರೂ ಕರೆಯದ್ದರಿಂದ ಆ ರಾಜ್ಯಗಳಲ್ಲಿ ಮತಗಟ್ಟೆಗೆ ಬಾರದೆ ಉಳಿದ ರಿಪಬ್ಲಿಕನ್ನರು ಎಷ್ಟು, ಡೆಮಾಕ್ರಟರು ಎಷ್ಟು ಎಂಬುದು ಆ 28 ಲಕ್ಷದ ಅಂಕಿಯೊಳಗಿಲ್ಲ.