ಕಾವೇರಿ ಎಂಜಿನ್: ಅಂದಾಜುಪಟ್ಟಿಗೆ ಸೇರದ ಮೇಲ್ಖರ್ಚು

ಕಮರ್ಷಿಯಲ್ ಸ್ಟ್ರೀಟ್‌ನ ಬಟ್ಟೆ ವ್ಯಾಪಾರಿ ಅಂಗಡಿ ಬಾಡಿಗೆ, ಕರೆಂಟ್ ಬಿಲ್ಲು, ನೌಕರರ ಸಂಬಳ ಲೆಕ್ಕ ಹಿಡಿಯದೆ ಸೀರೆಗೆ ಬೆಲೆ ಕಟ್ಟುವುದಿಲ್ಲ. ಅಲ್ಲಿಂದ ಹಲಸೂರು, ಇಂದಿರಾನಗರ ದಾಟಿದರೆ ಸಿಗುವ ಸಿ.ವಿ. ರಾಮನ್ ನಗರದಲ್ಲಿ ದೇಶದ ಮಹತ್ವಾಕಾಂಕ್ಷೆಯ ಸಂಶೋಧನಾ ಯೋಜನೆಯೊಂದು ಇಷ್ಟು ಸರಳ ಲೆಕ್ಕದಲ್ಲೇ ಎಡವಿತು.

ಡಿಆರ್‌ಡಿಒ ಅಧೀನದ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಗೆ (ಜಿಟಿಆರ್‌ಇ) ‘ಕಾವೇರಿ’ ಯುದ್ಧವಿಮಾನ ಎಂಜಿನ್ ಅಭಿವೃದ್ಧಿಗಾಗಿ ಕೇಂದ್ರ ಸರ್ಕಾರ 1989ರಲ್ಲಿ ಮಂಜೂರು ಮಾಡಿದ್ದು ಸುಮಾರು 383 ಕೋಟಿ ರೂಪಾಯಿ. ಗಡುವು 1996ರ ಡಿಸೆಂಬರ್. ಮುಂದೆ ವೆಚ್ಚ 2,839 ಕೋಟಿ ರೂಪಾಯಿಗೆ, ಗಡುವು 2009ಕ್ಕೆ ಪರಿಷ್ಕೃತವಾಯಿತು. ಏಳು ಪಟ್ಟಿಗೂ ಮಿಗಿಲಾದ ಈ ಏರಿಕೆಯನ್ನು ಮಹಾಲೇಖಪಾಲರು (ಸಿಎಜಿ) ಎತ್ತಿ ತೋರಿಸಿದಾಗ ಸಹಜವಾಗಿಯೇ ದೂರೆಲ್ಲ ವಿಜ್ಞಾನಿಗಳ ಮೇಲೆ ಬಂತು.

ದೂರಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಎಂಜಿನ್‌ನ ತೂಕ ನಿಗದಿಗಿಂತ ಹೆಚ್ಚಿತ್ತು, ನೂಕುಬಲ ಕಡಿಮೆ ಇತ್ತು. ಆದರೆ ಮೊದಲ ಅಂದಾಜೇ ಕೃಪಣತನದ್ದು. ಎತ್ತರದ ವಾತಾವರಣದ ಸ್ಥಿತಿಯಲ್ಲಿ ಎಂಜಿನ್ ಪರೀಕ್ಷಿಸುವ ವ್ಯವಸ್ಥೆಯಾಗಲಿ, ಹಾರುವ ಪರೀಕ್ಷಾ ವಿಮಾನವಾಗಲಿ ದೇಶದಲ್ಲಿ ಇರಲಿಲ್ಲ. ಎರಡಕ್ಕೂ ರಷ್ಯಾದ ಬಾಗಿಲು ತಟ್ಟಬೇಕಾಯಿತು. ಅಲ್ಲಿನ ಐಎಲ್-76 ವಿಮಾನಕ್ಕೆ ಜೋಡಿಸಿ ಕಾವೇರಿಯನ್ನು ಮೊದಲ ಬಾರಿಗೆ ಹಾರಿಸಿದ್ದು 2010ರ ನವೆಂಬರ್‌ನಲ್ಲಿ. ಪರೀಕ್ಷೆಗೆ ಸರದಿ ಕಾಯುವಾಗಲೂ ಸಂಬಳ, ವಿದ್ಯುತ್, ಯಂತ್ರ ನಿರ್ವಹಣೆಯ ಖರ್ಚು ನಿಲ್ಲುವುದಿಲ್ಲವಲ್ಲ! ಜೊತೆಗೆ, 1989ರಲ್ಲಿ ಸುಮಾರು 16 ರೂಪಾಯಿ ಇದ್ದ ಡಾಲರ್ 2009ರ ವೇಳೆಗೆ 48ರ ಆಸುಪಾಸಿಗೆ ಏರಿತ್ತು. ಉಳಿತಾಯವೆಂದು ಕೈಬಿಟ್ಟ ಮೇಲ್ಖರ್ಚು ವಿಳಂಬದ ರೂಪದಲ್ಲಿ, ಅದೂ ವಿದೇಶಿ ವಿನಿಮಯದಲ್ಲಿ, ಬಡ್ಡಿಸಮೇತ ವಸೂಲಾಯಿತು.

ಅಷ್ಟರಲ್ಲಿ, 2008ರಲ್ಲೇ ತೇಜಸ್‌ನಿಂದ ಕಾವೇರಿಯನ್ನು ಬೇರ್ಪಡಿಸಲಾಗಿತ್ತು. ಪರಿಣಾಮ ಕಣ್ಣೆದುರಿಗಿದೆ. ತೇಜಸ್‌ಗಾಗಿ 99 ಎಫ್-404 ಎಂಜಿನ್ ಪೂರೈಸಲು ಅಮೆರಿಕದ ಜಿಇ ಕಂಪೆನಿಯೊಂದಿಗೆ ಎಚ್‌ಎಎಲ್ 2021ರಲ್ಲಿ 71.6 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಅದರಲ್ಲಿ ಮೊದಲ ಎಂಜಿನ್ ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. ಎಂಜಿನ್ ಇಲ್ಲದೆ ವಿಮಾನ ಕಾಯಬೇಕು, ವಿಮಾನವಿಲ್ಲದೆ ವಾಯುಪಡೆ ಕಾಯಬೇಕು.

ದೇಶದ ಒಟ್ಟು ಸಂಶೋಧನಾ ವೆಚ್ಚ 2020-21ರಲ್ಲಿ ಜಿಡಿಪಿಯ ಶೇ 0.64ರಷ್ಟಿತ್ತು. ಇಷ್ಟು ಕಿರಿದಾದ ಗಂಟಿನಲ್ಲಿ ಆಡಳಿತ, ನಿರ್ವಹಣೆ, ಪರೀಕ್ಷಾ ಸೌಲಭ್ಯಗಳಿಗೇ ಮೊದಲು ಕತ್ತರಿ ಬೀಳುವುದು ಹಣಕಾಸು ಇಲಾಖೆಗಳ ಹಳೆಯ ಚಾಳಿ.

ಮುಂದಿನ ತಲೆಮಾರಿನ ಯುದ್ಧವಿಮಾನಕ್ಕೆ ಫ್ರಾನ್ಸ್ ಕಂಪೆನಿಯೊಂದಿಗೆ ಸೇರಿ ಎಂಜಿನ್ ರೂಪಿಸುವುದಾಗಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದರು. ಒಟ್ಟು ಮೊತ್ತ ಎಷ್ಟೆಂದು ಕೇಳುವ ಮುನ್ನ, ಅದರಲ್ಲಿ ಪರೀಕ್ಷಾ ಸೌಲಭ್ಯಕ್ಕೂ ಅದರ ನಿರ್ವಹಣೆಗೂ ತೆಗೆದಿಟ್ಟ ಪಾಲೆಷ್ಟು ಎಂಬುದನ್ನು ಸಂಸತ್ತು ಕೇಳಬೇಕಿದೆ.