ಮುಚ್ಚಳಿಕೆ ಬರೆದುಕೊಟ್ಟ ಮಗ ಮನೆಗೆ ಬಂದ ಮೇಲೆ

ಶಿರಾ ಕಡೆಯ ಒಬ್ಬ ತಾಯಿ ಬರೆದಿದ್ದಾರೆ. ಹೊಲದ ಬದುವಿನ ಜಗಳದಲ್ಲಿ ಮಗ ದಾಯಾದಿಯ ಮೇಲೆ ಕೈ ಮಾಡಿದ. ಕೋರ್ಟು ತಪ್ಪಿತಸ್ಥ ಎಂದಿತು, ಆದರೆ ಜೈಲಿಗೆ ಕಳಿಸದೆ ಎರಡು ವರ್ಷದ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟಿತು. ಜಾಮೀನು ನಿಂತವರು ಆಕೆಯ ತಮ್ಮ. "ಈಗ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಕಳಿಸಲೋ ಬೇಡವೋ? ಯಾರನ್ನು ಕೇಳಲಿ, ಕೇಳಿದರೆ ಮರ್ಯಾದೆ ಹೋಗುತ್ತಲ್ಲ" ಅಂತ ಕಾಗದ.

ಮಧುಗಿರಿ, ಕೊರಟಗೆರೆ ಕಡೆಯೂ ಇಂಥ ಸಂಕಟ ಇಲ್ಲದಿಲ್ಲ, ಹೇಳಿಕೊಳ್ಳುವವರು ಕಡಿಮೆ. ಅದಕ್ಕೇ ಈ ಸಲ ಉಪ್ಪಿನಕಾಯಿ ವಿಷಯ ಮುಂದಕ್ಕೆ ಹಾಕಿದ್ದೇನೆ.

ಮೊದಲು ಒಂದು ತಿಳಿದುಕೊಳ್ಳಿ, ಸೋದರಿಯರೇ. ಇದು ಬೇಲ್ ಅಲ್ಲ, ಖುಲಾಸೆಯೂ ಅಲ್ಲ. ಬೇಲ್ ಸಿಗುವುದು ಕೇಸು ನಡೆಯುವಾಗ. ಇಲ್ಲಿ ತಪ್ಪು ರುಜುವಾತಾಗಿದೆ, ಶಿಕ್ಷೆ ಮಾತ್ರ ಹೇಳದೆ ನಿಲ್ಲಿಸಿದ್ದಾರೆ. 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯ 4ನೇ ಕಲಂ ಇದು. ಮುಚ್ಚಳಿಕೆಯ ಅವಧಿ ಹೆಚ್ಚೆಂದರೆ 3 ವರ್ಷ. ಕರೆದಾಗ ಬಂದು ಶಿಕ್ಷೆ ಕೇಳುತ್ತೇನೆ, ಅಲ್ಲಿವರೆಗೆ ಶಾಂತಿಯಿಂದ, ಒಳ್ಳೆಯ ನಡತೆಯಿಂದ ಇರುತ್ತೇನೆ ಅಂತ ಕೊಟ್ಟ ಮಾತು ಅದು. ಕೆಲವರಿಗೆ ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆಯೂ ಇರುತ್ತೆ, ಅದು ಒಂದು ವರ್ಷಕ್ಕೆ ಕಡಿಮೆ ಇರೋದಿಲ್ಲ. ಎಲ್ಲಿ ವಾಸ ಮಾಡಬೇಕು, ಕುಡಿಯಬಾರದು ಮುಂತಾದ ಷರತ್ತು ಬರುವುದು ಆಗ.

ಆ ಮೇಲ್ವಿಚಾರಣೆಯ ಆದೇಶದ ಪ್ರತಿಯನ್ನು ಹುಡುಗನಿಗೂ ಜಾಮೀನುದಾರರಿಗೂ ಕೊಡಬೇಕೆಂದು ಕಾಯ್ದೆಯಲ್ಲೇ ಇದೆ. ಬಂದಿಲ್ಲದಿದ್ದರೆ ವಕೀಲರನ್ನು ಕೇಳಿ ತರಿಸಿಕೊಳ್ಳಿ, ಸಾಲು ಸಾಲೂ ಓದಿಸಿ ಕೇಳಿ. ರೇಷನ್ ಕಾರ್ಡು ಇಡುವ ಡಬ್ಬದಲ್ಲೇ ಅದನ್ನೂ ಇಡಿ. ಅಧಿಕಾರಿಯನ್ನು ಕಾಣಬೇಕಾದ ದಿನಗಳನ್ನು, ಹಾಲಿನ ಲೆಕ್ಕ ಬರೆಯುವ ಹಾಗೆ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. (ನೆಂಟರು ನೋಡುತ್ತಾರೆಂದರೆ ಬರೀ ಒಂದು ಚುಕ್ಕೆ ಸಾಕು.)

ಇನ್ನು ಬೆಂಗಳೂರಿನ ಮಾತು. ವಾಸದ ಷರತ್ತು ಇದ್ದರೆ ಹೇಳದೆ ಕಳಿಸಬೇಡಿ. ದುಡಿಯೋದು ತಪ್ಪಲ್ಲ. ಪ್ರೊಬೇಷನ್ ಅಧಿಕಾರಿಗೆ ಮೊದಲೇ ತಿಳಿಸಿದರೆ ಅವರು 8ನೇ ಕಲಂ ಪ್ರಕಾರ ಕೋರ್ಟಿಗೆ ಅರ್ಜಿ ಹಾಕಿ ಷರತ್ತು ಬದಲಾಯಿಸಿ ಕೊಡಿಸಬಹುದು. ನಡತೆ ಚೆನ್ನಾಗಿದ್ದರೆ ಅವಧಿಗೆ ಮುಂಚೆಯೇ ಮುಚ್ಚಳಿಕೆ ರದ್ದಾಗಲೂ ಅಲ್ಲೇ ಅವಕಾಶವಿದೆ. ಅಧಿಕಾರಿಯಿಲ್ಲದ ಬರೀ ಮುಚ್ಚಳಿಕೆಯಾದರೆ ಹೊಸ ವಿಳಾಸವನ್ನು ವಕೀಲರ ಮೂಲಕ ಕೋರ್ಟಿಗೆ ತಿಳಿಸಿ. ಪಾವಗಡದವರು ಇನ್ನೂ ಜಾಗ್ರತೆ. ಮೂರು ಕಡೆ ಆಂಧ್ರ. ಸಂತೆಗೆ, ಸಂಬಂಧಕ್ಕೆ ಮಡಕಶಿರಾ, ಹಿಂದೂಪುರ ಅಂದರೆ ಪಕ್ಕದ ಬೀದಿಯ ಹಾಗೆ. ನಮಗೆ ಅದು ಬೇರೆ ರಾಜ್ಯ ಅನ್ನಿಸೋದಿಲ್ಲ, ಕೋರ್ಟಿನ ಕಾಗದಕ್ಕೆ ಅನ್ನಿಸುತ್ತೆ. ಊರು ಬಿಡಬಾರದು ಅಂತ ಬರೆದಿದ್ದರೆ ನೆಂಟರ ಮದುವೆಗಾದರೂ ಕೇಳಿಯೇ ಹೋಗಲಿ.

ತಪ್ಪಿದರೆ 9ನೇ ಕಲಂ. ಕೋರ್ಟು ವಾರಂಟ್ ಹೊರಡಿಸಬಹುದು, ಇಲ್ಲವೇ ಹುಡುಗನಿಗೂ ಜಾಮೀನುದಾರರಿಗೂ ಸಮನ್ಸ್ ಕಳಿಸಬಹುದು. ವಿಚಾರಿಸಿ, ಅಂದು ಹೇಳದೆ ಬಿಟ್ಟ ಶಿಕ್ಷೆಯನ್ನು ಆಗಲೇ ಕೊಡಬಹುದು. ಮೊದಲ ಸಲವಾದರೆ ಮುಚ್ಚಳಿಕೆ ಹಾಗೇ ಉಳಿಸಿ 50 ರೂಪಾಯಿವರೆಗೆ ದಂಡ ಹಾಕಲೂಬಹುದು. 1958ರಲ್ಲಿ ಬರೆದ 50 ರೂಪಾಯಿ! ಈಗ ಹಬ್ಬದ ದಿನ ಅದಕ್ಕೆ ಒಂದು ಮೊಳ ಮಲ್ಲಿಗೆ ಬಂದರೆ ಹೆಚ್ಚು. ಅಷ್ಟೇ ತಾನೆ ಅಂದುಕೊಳ್ಳಬೇಡಿ, ದಂಡವೋ ಜೈಲೋ ಅನ್ನುವುದು ಕೋರ್ಟಿಗೆ ಬಿಟ್ಟದ್ದು.

ಗಂಡುಮಕ್ಕಳು ಜಾರುವುದು ಜಾತ್ರೆಯ ದಿನ. ದಂಡಿನ ಮಾರಮ್ಮನ ಜಾತ್ರೆಗೆ ಹೋಗಲಿ, ಗೆಳೆಯರ ಗುಂಪಿನ ಜೊತೆ ಬೇಡ, ಮನೆಯವರ ಜೊತೆ ಹೋಗಲಿ. ಹಳೇ ದಾಯಾದಿ ಎದುರಾಗುವುದು ಅಲ್ಲೇ. ತಾಯಂದಿರು ಕೆಡಿಸುವುದು ಬೇರೆ ಥರ: ಸಮನ್ಸ್ ತಂದವರಿಗೆ "ಊರಲ್ಲಿಲ್ಲ" ಅಂದು ಬಾಗಿಲು ಹಾಕುವುದು. ಅದರಿಂದ ಮಗ ಉಳಿಯೋದಿಲ್ಲ, ವಾರಂಟಿಗೆ ದಾರಿಯಾಗುತ್ತೆ.

ಮುಂದಿನ ಜೀವನದ ಬಗ್ಗೆಯೂ ಆ ತಾಯಿಗೆ ಭಯ. ಶಿಕ್ಷೆಯಾದವರಿಗೆ ಬೇರೆ ಕಾನೂನುಗಳು ಹಾಕುವ ಅನರ್ಹತೆ, ಷರತ್ತು ಪಾಲಿಸಿದವರಿಗೆ ಅಂಟುವುದಿಲ್ಲ ಅಂತ 12ನೇ ಕಲಂ ಇದೆ. ಆದರೆ ತಪ್ಪು ರುಜುವಾತಾದದ್ದು ಅಳಿಸಿಹೋಗೋಲ್ಲ. ಸರ್ಕಾರಿ ಅರ್ಜಿಯಲ್ಲಿ ಕೇಸಿನ ಬಗ್ಗೆ ಕೇಳಿದ್ದರೆ ಇದ್ದದ್ದು ಇದ್ದಂತೆ ಬರೆಯಲಿ.

ಶಿರಾದ ಅಕ್ಕ, ಮೊದಲು ನಿಮ್ಮ ತಮ್ಮನಿಗೆ ಕೆಲಸದ ವಿಷಯ ಹೇಳಿ, ಅವರ ಸಹಿ ಆ ಕಾಗದದಲ್ಲಿದೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. 15100ಕ್ಕೆ ಫೋನ್ ಮಾಡಿದರೂ ಸಲಹೆ ಸಿಗುತ್ತೆ.